ಕೆಂಚಿಗೆ ಬೇಕಿದ್ದದ್ದು ದೂರ: ದಾವಣಗೆರೆಯ ಒಂದು ಅಂಜುಬುರುಕ ಮರಿಯ ಪ್ರಕರಣ

ಕೆಂಚಿ ನನ್ನ ಕ್ಲಿನಿಕ್ಕಿಗೆ ಬಂದಾಗ ಅದಕ್ಕೆ ನಾಲ್ಕೂವರೆ ತಿಂಗಳು. ಹೆಣ್ಣು, ನಾಟಿ ನಾಯಿ, ತೂಕ 9 ಕೆಜಿ. ಮನೆ ವಿದ್ಯಾನಗರದ ಕಡೆ. ಗಂಡ, ಹೆಂಡತಿ, ಪಿಯುಸಿ ಓದುವ ಮಗಳು ಮತ್ತು ಅಜ್ಜಿ ಇರುವ ಮನೆ. ಬೀದಿಯಲ್ಲಿ ಇನ್ನೊಂದು ನಾಯಿ ಕಂಡರೆ ಮರಿ ಮೊದಲು ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ಎಳೆದರೆ ಕಿರುಚುತ್ತದೆ, ಆ ನಾಯಿ ಹತ್ತಿರ ಬಂದರೆ ಹಲ್ಲು ಕಿರಿದು ಬೊಗಳುತ್ತದೆ ಎಂಬುದು ದೂರು. ಈಚೆಗೆ ಬೆಲ್ಟು ಕೈಗೆ ತೆಗೆದುಕೊಂಡರೆ ಸಾಕು, ಸೋಫಾ ಕೆಳಗೆ ನುಗ್ಗುತ್ತಿತ್ತು. "ಮನ್ಯಾಗ ಹುಲಿ, ಬೀದ್ಯಾಗ ಇಲಿ ಆಗೈತಿ ನೋಡ್ರಿ ಡಾಕ್ಟ್ರೇ" ಅಂದರು ಅಜ್ಜಿ.

ಹಿಂದಿನ ಕಥೆ ಕೇಳಿದೆ. ಜುಲೈಯಲ್ಲಿ ಹರಿಹರದ ಕಡೆಯ ಒಂದು ತೋಟದಿಂದ ಮರಿ ತಂದಿದ್ದರು. ಆಗ ಅದಕ್ಕೆ ಸುಮಾರು 2 ತಿಂಗಳು. ಮರಿಗಳಿಗೆ ವಾಂತಿಭೇದಿ ತರುವ ಪಾರ್ವೊ ಎಂಬ ವೈರಸ್ ರೋಗದ ಭಯಕ್ಕೆ, ಲಸಿಕೆಗಳೆಲ್ಲ ಮುಗಿಯುವ ತನಕ ಅದನ್ನು ಮಹಡಿಯಿಂದ ಕೆಳಗೆ ಇಳಿಸಿರಲಿಲ್ಲ. ಆ ಎಚ್ಚರಿಕೆಯಲ್ಲಿ ತಪ್ಪಿಲ್ಲ. ಪಾರ್ವೊ ಬಂದ ಮರಿ ಎರಡು ಮೂರು ದಿನದಲ್ಲಿ ಕೈಬಿಟ್ಟು ಹೋಗುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಆದರೆ ಮರಿಗೆ ಹೊಸದೆಲ್ಲ ಸಲೀಸಾಗಿ ಒಗ್ಗುವ ಕಾಲ ಹುಟ್ಟಿದ 3ನೇ ವಾರದಿಂದ ಹೆಚ್ಚುಕಡಿಮೆ 12–14ನೇ ವಾರದವರೆಗೆ ಮಾತ್ರ. ಆ ದಿನಗಳಲ್ಲಿ ಕೆಂಚಿ ನೋಡಿದ್ದು ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ, ಮನೆಯ ನಾಲ್ಕು ಮುಖ. ಮೊದಲ ಲಸಿಕೆಯಾಗಿ ವಾರ ಕಳೆದ ಮೇಲೆ ಮರಿಯನ್ನು ನೆಲಕ್ಕೆ ಬಿಡದೆ ಹೆಗಲ ಮೇಲೋ, ಸ್ಕೂಟರಿನ ಮುಂದೆ ಬುಟ್ಟಿಯಲ್ಲೋ ಇಟ್ಟುಕೊಂಡು ಊರು ತೋರಿಸಬಹುದು. ನೆಲದ ಸೋಂಕು ತಗಲುವುದಿಲ್ಲ, ಬೇರೆ ನಾಯಿಗಳನ್ನು ದೂರದಿಂದ ನೋಡಿದ ಹಾಗೂ ಆಗುತ್ತದೆ. ಇದನ್ನು ಇವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ಸಲ ಬೀದಿಗಿಳಿಸಿದ್ದು ಗಣೇಶನ ಹಬ್ಬದ ದಿನಗಳಲ್ಲಿ. ಡೊಳ್ಳು, ಡಿಜೆ, ಪಟಾಕಿ. ತಿರುವಿನಲ್ಲಿ ಮಾಂಸದಂಗಡಿಯ ಚೂರುಪಾರಿಗೆ ಕಾದು ಮಲಗುವ ಐದು ನಾಯಿಗಳ ಗುಂಪು ಎದ್ದು ಬಂತು. ಯಜಮಾನರು ಮರಿಯನ್ನು ಎತ್ತಿಕೊಂಡರು. ಗುಂಪು ಅವರ ತೊಡೆಯೆತ್ತರಕ್ಕೆ ಹಾರತೊಡಗಿತು. ಗಾಯವೇನೂ ಆಗಲಿಲ್ಲ. ಪಕ್ಕದ ಮನೆಯವರು "ಬಿಡ್ರಿ, ನಾಲ್ಕು ನಾಯಿ ನಡುವೆ ನಿಲ್ಸಿದ್ರೆ ತಾನೇ ಅಭ್ಯಾಸ ಆಗ್ತತಿ" ಎಂದು ಸಲಹೆ ಕೊಟ್ಟರು. ಅದರಂತೆ ಒಂದು ಮೈದಾನಕ್ಕೆ ಕರೆದುಕೊಂಡು ಹೋಗಿ, ಬೇರೆಯವರ ಸಾಕುನಾಯಿಗಳ ಮಧ್ಯೆ ಚೈನು ಹಿಡಿದು ನಿಲ್ಲಿಸಿದರು. ಮರಿ ಸ್ವಲ್ಪ ಹೊತ್ತು ಕಿರುಚಿ ಆಮೇಲೆ ಸುಮ್ಮನಾಯಿತಂತೆ. ಸರಿಹೋಯಿತು ಅಂದುಕೊಂಡರು. ಭಯದಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದಾಗ ನಾಯಿ ಹಾಗೆ ಸುಮ್ಮನಾಗುತ್ತದೆ. ಅದು ಧೈರ್ಯವಲ್ಲ, ಕೈಚೆಲ್ಲಿ ಕೂತದ್ದು. ಮಾರನೆಯ ದಿನದಿಂದ ಕೆಂಚಿ ಗೇಟು ದಾಟಲಿಲ್ಲ.

ಮೊದಲು ಮೈ, ಆಮೇಲೆ ಮನಸ್ಸು

ನಡವಳಿಕೆಯ ದೂರು ಬಂದರೂ ಮೊದಲು ಮೈ ಪರೀಕ್ಷೆ ಆಗಬೇಕು. ನೋವಿರುವ ನಾಯಿ ಬೇರೆ ನಾಯಿಯನ್ನು ಹತ್ತಿರ ಸೇರಿಸುವುದಿಲ್ಲ. ಕೆಂಚಿಯ ಬಲಗಿವಿ ಒಳಗೆ ಕೆಂಪಾಗಿ, ಕಂದು ಬಣ್ಣದ ಗುಗ್ಗೆ ತುಂಬಿ ನಾರುತ್ತಿತ್ತು. ಕತ್ತಿನ ಮಡಿಕೆಯಲ್ಲಿ ಉಣ್ಣೆಗಳೂ ಸಿಕ್ಕವು. ನಾಯಿಗಳು ಮುಖಾಮುಖಿಯಾದಾಗ ಮೊದಲು ಮೂಸುವುದು ಮುಖ, ಕಿವಿ, ಕತ್ತು. ಅಲ್ಲೇ ನೋವಿದ್ದರೆ ಮರಿ ಹಿಂದೆ ಸರಿಯದೆ ಏನು ಮಾಡೀತು? ಕಿವಿಗೆ ಹನಿ, ಉಣ್ಣೆಗೆ ಔಷಧಿ ಕೊಟ್ಟೆ. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಜ್ವರದ ಸುಳಿವಿರಲಿಲ್ಲ. ಕಿವಿ ವಾಸಿಯಾಗುವ ತನಕ ಬೀದಿಗೆ ಕರೆದುಕೊಂಡು ಹೋಗಬೇಡಿ, ಮಹಡಿಯಲ್ಲೇ ಆಡಿಸಿ ಎಂದೆ.

ಕತ್ತಿನಲ್ಲಿದ್ದ ಬಿಗಿಯುವ ಚೈನನ್ನು ಅಲ್ಲೇ ತೆಗೆಸಿದೆ. ನಾಯಿ ಕಂಡಾಗಲೆಲ್ಲ ಕತ್ತು ಬಿಗಿದರೆ, ನಾಯಿ ಕಾಣುವುದೂ ಕತ್ತು ನೋಯುವುದೂ ಮರಿಯ ತಲೆಯಲ್ಲಿ ಗಂಟುಬೀಳುತ್ತವೆ. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕೂರುವ ಹಾರ್ನೆಸ್ಸು, ಎರಡೂವರೆ ಮೀಟರಿನ ಸಾದಾ ಹಗ್ಗ, ಇವಿಷ್ಟು ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ನಮ್ಮ ಬೀದಿಗಳಿಗೆ ಆಗದು. ಬೈಕು ಬಂದಾಗ ಅದನ್ನು ಎಳೆದುಕೊಳ್ಳುವ ಹೊತ್ತಿಗೆ ಅನಾಹುತ ಆಗಿರುತ್ತದೆ.

ಎಷ್ಟು ದೂರ ಅಂದರೆ ದೂರ?

ಕಿವಿ ವಾಸಿಯಾದ ಮೇಲೆ ಕೆಲಸ ಶುರುವಾದದ್ದು ಮನೆಯ ಪೋರ್ಟಿಕೋದಲ್ಲಿ. ಭಯಪಡುವ ನಾಯಿಗೆ ಇನ್ನೊಂದು ನಾಯಿ ಕಾಣುತ್ತಿರಬೇಕು, ಆದರೂ ತಿನ್ನಲು, ನೆಲ ಮೂಸಲು, ಕರೆದರೆ ತಿರುಗಲು ಆಗುತ್ತಿರಬೇಕು. ಅಷ್ಟು ದೂರ. ಅದಕ್ಕಿಂತ ಒಂದು ಹೆಜ್ಜೆ ಹತ್ತಿರವಾದರೂ ಬಾಯಿಗೆ ಇಟ್ಟದ್ದು ಉದುರಿ ಬೀಳುತ್ತದೆ. ಅಲ್ಲಿ ಪಾಠ ಸಾಗುವುದಿಲ್ಲ, ಹಿಂದಕ್ಕೆ ಬರಬೇಕು. ಕೆಂಚಿಗೆ ಆ ದೂರ ಮೊದಮೊದಲು 40 ಮೀಟರಿಗೂ ಹೆಚ್ಚಿತ್ತು. ಮನೆ ಮುಂದಿನ ಅಡ್ಡರಸ್ತೆಯಲ್ಲಿ ಅಷ್ಟು ದೂರ ಎಲ್ಲಿಂದ ತರುವುದು?

ಯಜಮಾನರು ಕುಂದುವಾಡ ಕೆರೆಯ ಹೆಸರು ಹೇಳಿದರು. ಬೆಳಗಿನ ವಾಕಿಂಗಿಗೆ ಮನುಷ್ಯರಿಗೆ ಹಿತವಾದ ಜಾಗವೇ. ಆದರೆ ಏರಿಯ ಮೇಲೆ ಎದುರಿನಿಂದ ನಾಯಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಅಂಜುವ ನಾಯಿಗೆ ಜಾಗ ಹುಡುಕುವಾಗ ನಾನು ನೋಡುವುದು ಅಂದಚೆಂದವನ್ನಲ್ಲ, ಪಕ್ಕಕ್ಕೆ ಹೊರಳುವ ದಾರಿಯನ್ನು. ಕೊನೆಗೆ ಶಾಮನೂರಿನಾಚೆಯ ಹೊಸ ಲೇಔಟು ಒಪ್ಪಿಗೆಯಾಯಿತು. ರಸ್ತೆ ಹಾಕಿದ್ದಾರೆ, ಮನೆಗಳು ಅಲ್ಲೊಂದು ಇಲ್ಲೊಂದು, ಖಾಲಿ ಸೈಟುಗಳು, ಆಚೆ ಭದ್ರಾ ನಾಲೆಯ ನೀರು ಕುಡಿದ ಭತ್ತದ ಗದ್ದೆ. ನಾಯಿ ಬಂದರೆ ಅರ್ಧ ಫರ್ಲಾಂಗಿನಿಂದಲೇ ಕಾಣುತ್ತದೆ. ಕಾರಿನಲ್ಲಿ ಅಲ್ಲಿಗೆ ಒಯ್ಯುವುದು, ಹತ್ತು ಹದಿನೈದು ನಿಮಿಷ ಇದ್ದು ವಾಪಸು ಬರುವುದು. ಅದೂ ದಿನವೂ ಬೇಡ, ದಿನ ಬಿಟ್ಟು ದಿನ.

ತಿನಿಸಿನ ವಿಷಯಕ್ಕೆ ಬಂದರೆ, ಇಂಥ ಕೆಲಸಕ್ಕೆ ಬೇಯಿಸಿದ ಕೋಳಿಯಷ್ಟು ಸಲೀಸು ಬೇರೆ ಇಲ್ಲ. ಇವರದು ಲಿಂಗಾಯತರ ಮನೆ, ಅಡುಗೆಮನೆಗೆ ಕೋಳಿ ಬರುವ ಮಾತಿಲ್ಲ. ಪನೀರನ್ನು ಕಡಲೆಕಾಳಿನಷ್ಟು ಸಣ್ಣದಾಗಿ ಹೆಚ್ಚಿ ಡಬ್ಬಿಗೆ ಹಾಕಿಕೊಳ್ಳಲು ಹೇಳಿದೆ. ಮನೆಯೊಳಗಿನ ಸಣ್ಣಪುಟ್ಟ ಪಾಠಕ್ಕೆ ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ? ಒಂದೊಂದೇ ಕಾಳು ಕೊಟ್ಟರೂ ಕೆಂಚಿ ಕುಣಿಯುತ್ತಿತ್ತು. ಆದರೆ ಒಗ್ಗರಣೆ ಹಾಕಿದ ಮಂಡಕ್ಕಿ ಕೊಡಬಾರದು, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ವಿಷ. ಪನೀರು ಮಾತ್ರ ಬೀದಿಗೆ ಮೀಸಲು, ಅದರಲ್ಲೂ ನಾಯಿ ಕಂಡಾಗ ಮಾತ್ರ. ಮನೆಯಲ್ಲಿ ಸುಮ್ಮಸುಮ್ಮನೆ ಪನೀರು ಸಿಕ್ಕರೆ ಬೀದಿಯಲ್ಲಿ ಅದಕ್ಕೆ ಬೆಲೆ ಉಳಿಯುವುದಿಲ್ಲ. (ಇದನ್ನು ಅಜ್ಜಿಗೆ ಒಪ್ಪಿಸುವುದು ಕೆಂಚಿಗೆ ಕಲಿಸುವುದಕ್ಕಿಂತ ಕಷ್ಟವಾಯಿತು.)

ಇದರಲ್ಲಿ ಮುಖ್ಯ ಕ್ರಮ. ಮೊದಲು ಮರಿ ನಾಯಿಯನ್ನು ನೋಡಬೇಕು, ಆಮೇಲೆ ಪನೀರು ಬರಬೇಕು. ನಾಯಿ ಮರೆಯಾದ ಕೂಡಲೇ ಪನೀರೂ ನಿಲ್ಲಬೇಕು. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ದೂರದಲ್ಲಿ ನಾಯಿ ಕಂಡ ಕೂಡಲೇ ಗಾಬರಿಯಾಗಿ ಮರಿಯ ಮೂತಿಗೆ ತಿಂಡಿ ಹಿಡಿದು ಗಮನ ಬೇರೆಡೆಗೆ ಎಳೆಯಲು ಹೊರಡುತ್ತಾರೆ. ಆಗ ತಿಂಡಿ ಬಂತೆಂದರೆ ಎಲ್ಲೋ ನಾಯಿ ಇದೆ ಎಂದು ಮರಿ ಕಲಿಯುತ್ತದೆ. ನಮಗೆ ಬೇಕಾದ್ದು ನಾಯಿ ಬಂತೆಂದರೆ ಪನೀರು ಬರುತ್ತದೆ ಎಂಬ ಪಾಠ.

ಅಜ್ಜಿಯ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. "ಬೊಗಳಿದ್ದಕ್ಕೆ ತಿನ್ಸಿದ್ರೆ ಇನ್ನೂ ಜೋರು ಬೊಗಳಲ್ವೇನ್ರಿ?" ಭಯ ಎಂಬುದು ಕೂರು, ಕೈ ಕೊಡು ಎಂಬಂತೆ ಕಲಿತ ವಿದ್ಯೆಯಲ್ಲ ಅಮ್ಮಾ, ತಿಂಡಿ ಕೊಟ್ಟು ಭಯವನ್ನು ಹೆಚ್ಚಿಸಲು ಬರುವುದಿಲ್ಲ ಎಂದೆ. ಊಟಕ್ಕೆ ಮುಂಚೆ ಒಂದು ಸದ್ದು ಮಾಡುತ್ತಾ ಹೋದರೆ ಕೊನೆಗೆ ಆ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ ಎಂದು ತೋರಿಸಿದ ರಷ್ಯಾದ ಪಾವ್ಲೋವ್‌ನ ಪ್ರಯೋಗ ಶಾಲೆಯ ಪುಸ್ತಕದಲ್ಲಿರುವುದರಿಂದ ಮೊಮ್ಮಗಳು ತಾನೇ ಅಜ್ಜಿಗೆ ವಿವರಿಸಿದಳು. ಅಂದ ಹಾಗೆ ಆತನಿಗೆ 1904ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕಲ್ಲ, ಜೀರ್ಣಕ್ರಿಯೆಯ ಅಧ್ಯಯನಕ್ಕೆ. ನಾಯಿಗಳ ಜೊಲ್ಲು ಅಳೆಯುತ್ತಾ ಹೋದವನಿಗೆ ಅವುಗಳ ಮನಸ್ಸೂ ಸಿಕ್ಕಿತು.

ಮೊದಲ ದಿನಗಳಲ್ಲಿ ಹಗ್ಗ ಹಿಡಿದವಳು ಮಗಳು. ಅಪ್ಪನ ಕೈ ನಾಯಿ ಕಂಡಾಗ ತಾನಾಗೇ ಬಿಗಿಯುತ್ತಿತ್ತು, ಬಿಗಿದ ಹಗ್ಗದ ಸುದ್ದಿ ಕ್ಷಣದಲ್ಲಿ ಮರಿಗೆ ತಲುಪುತ್ತದೆ. ಒಂದು ಸಂಜೆ ನಾನೂ ಜೊತೆಗಿದ್ದೆ. ನಾಲೆಯ ಕಡೆಯಿಂದ ಒಂದು ಕಪ್ಪು ನಾಯಿ ತನ್ನ ಪಾಡಿಗೆ ತಾನು ಅಡ್ಡ ಹಾಯುತ್ತಿತ್ತು. ಕೆಂಚಿಯ ಬಾಯಿ ಮುಚ್ಚಿತು. ಕಿವಿ ಮುಂದಕ್ಕೆ, ಮೈತೂಕ ಹಿಂಗಾಲಿಗೆ, ಬಾಲ ಹೊಟ್ಟೆಗೆ ಅಂಟಲು ಇನ್ನೊಂದು ಗೇಣು ಬಾಕಿ. "ಜಾಣ" ಅಂದಳು ಹುಡುಗಿ ಮೆಲ್ಲಗೆ, ಪನೀರಿನ ಚೂರನ್ನು ಅದರ ಮುಂಗಾಲ ಬಳಿ ಹಾಕಿದಳು. ಕೆಂಚಿ ಬಗ್ಗಿ ತಿಂದು ಮತ್ತೆ ನೋಡಿತು. ಇನ್ನೊಂದು ಚೂರು. ಮೂತಿಯನ್ನು ನಾಲಗೆಯಿಂದ ಒಮ್ಮೆ ಸವರಿಕೊಂಡಿತು, ಆಕಳಿಸಿತು. ಮರಿಗೆ ನಿದ್ದೆ ಬಂತೇ ಎಂದರು ಅಪ್ಪ. ಅಲ್ಲ, ನಾಯಿ ಮುಜುಗರದಲ್ಲಿದ್ದಾಗ ಮಾಡುವುದು ಇದನ್ನೇ. ಮೂತಿ ನೆಕ್ಕುವುದು, ಆಕಳಿಕೆ, ಒಂದು ಮುಂಗಾಲು ಎತ್ತಿ ಹಿಡಿಯುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣು ಮಾಡುವುದು. ಬೊಗಳುವ ಮುಂಚೆ ಇಷ್ಟೆಲ್ಲ ಹೇಳಿರುತ್ತದೆ, ನಾವು ಕಿವಿಗೊಟ್ಟಿರುವುದಿಲ್ಲ. ಹುಡುಗಿ ನಾಲ್ಕು ಹೆಜ್ಜೆ ಹಿಂದೆ ಬಂದಳು. ಹಗ್ಗ ಸಡಿಲವಾಗಿಯೇ ಇತ್ತು. ಆಗ ಕೆಂಚಿ ಕಪ್ಪು ನಾಯಿಯನ್ನು ನೋಡಿ, ಯಾರೂ ಕರೆಯದೆ ತಾನಾಗಿ ಕತ್ತು ತಿರುಗಿಸಿ ಹುಡುಗಿಯ ಮುಖ ನೋಡಿತು, ಎಲ್ಲಿ ನನ್ನ ಪಾಲು ಎನ್ನುವ ಹಾಗೆ. ಹೀಗೆ ಕತ್ತು ತಿರುಗುವುದಕ್ಕೇ ನಾನು ಕಾಯುತ್ತಿದ್ದೆ. ಅದು ಪದೇಪದೇ ಆಗತೊಡಗಿದ ಮೇಲೆಯೇ ಅಂತರವನ್ನು ಒಂದೊಂದು ಹೆಜ್ಜೆ ಕಡಿಮೆ ಮಾಡಿದ್ದು.

ಮೂಲೆಯ ಐದು ನಾಯಿಗಳು

ಪರದೇಶದ ತರಬೇತಿಯಲ್ಲಿ ಎದುರಿನ ನಾಯಿಯೂ ಹಗ್ಗದಲ್ಲಿರುತ್ತದೆ, ಹಗ್ಗದ ತುದಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ನಮ್ಮಲ್ಲಿ ಪ್ರತಿ ಕ್ರಾಸಿಗೂ ಅದರದೇ ಗುಂಪು, ಅದಕ್ಕೆ ಹಗ್ಗವೂ ಇಲ್ಲ, ಹೇಳುವವರೂ ಇಲ್ಲ. ಹೊಸ ನಾಯಿ ಬಂದರೆ ವಿಚಾರಿಸಿಕೊಳ್ಳುವುದು ಅವುಗಳ ಕೆಲಸ. ಅವುಗಳನ್ನು ಎತ್ತಿಸಿಬಿಡಬಹುದಲ್ಲ ಎಂದರು ಯಜಮಾನರು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆ ಬೀದಿನಾಯಿಯನ್ನು ಹಿಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು. ಮೂಲೆಯ ಗುಂಪಿನ ಹಿರಿಯ ಹೆಣ್ಣು ನಾಯಿಯ ಕಿವಿಯ ತುದಿ ಕತ್ತರಿಸಿತ್ತು, ಆಪರೇಶನ್ ಆದ ಗುರುತು ಅದು. ಅಂದರೆ ಆ ನಾಯಿ ಇನ್ನೂ ಕೆಲವು ವರ್ಷ ಅದೇ ಮೂಲೆಯಲ್ಲಿರುತ್ತದೆ, ಕೆಂಚಿಯೂ ಅದೇ ಬೀದಿಯಲ್ಲಿ ಬಾಳಬೇಕು.

ಹಾಗಾಗಿ ಮಗಳಿಗೆ ಒಂದು ಕೆಲಸ ಕೊಟ್ಟೆ. ಮರಿಯನ್ನು ಮನೆಯಲ್ಲಿ ಬಿಟ್ಟು ಒಬ್ಬಳೇ ಬೀದಿ ಸುತ್ತಿ, ಯಾವ ನಾಯಿ ಎಲ್ಲಿ ಯಾವ ಹೊತ್ತಿಗೆ ಮಲಗುತ್ತದೆ, ಯಾವ ಮನೆಯವರು ಎಷ್ಟು ಗಂಟೆಗೆ ಅನ್ನ ಹಾಕುತ್ತಾರೆ ಎಂದು ನೋಡುವುದು. ಎರಡು ಸಂಗತಿ ತಿಳಿಯಿತು. ಬೆಳಿಗ್ಗೆ ಹಾಲು ಪೇಪರು ಬರುವ ಹೊತ್ತಿಗೆ ಗುಂಪು ಎಚ್ಚರವಾಗಿ ಗದ್ದಲದಲ್ಲಿರುತ್ತದೆ, ಎಂಟೂವರೆ ಒಂಬತ್ತರ ನಂತರ ಬಿಸಿಲು ಕಾಯುತ್ತಾ ಬಿದ್ದುಕೊಂಡಿರುತ್ತದೆ. ಇನ್ನೊಂದು, ಐದರಲ್ಲಿ ಮೂರು ನಾಯಿ ತಮ್ಮ ಪಾಡಿಗೆ ತಾವು ಇರುವಂಥವು, ಎದ್ದು ಬರುವುದು ಎರಡು ಎಳೆಯ ಗಂಡುಗಳು ಮಾತ್ರ. ಬೇಗ ಎದ್ದು ವಾಕಿಂಗ್ ಮಾಡುವುದೇ ಒಳ್ಳೆಯದು ಎಂಬ ಮನೆಯವರ ನಂಬಿಕೆ ಅಲ್ಲಿಗೆ ಮುರಿಯಿತು. ಆದರೆ ಬೇಸಿಗೆಯಲ್ಲಿ ಆ ಹೊತ್ತಿಗೆ ಡಾಂಬರು ಕಾಯಲು ಶುರುವಾಗಿರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಹೆಚ್ಚೇ.

ಎದ್ದು ಬರುವ ನಾಯಿಗೆ ಏನು ಮಾಡಬೇಕೆಂದು ಮರಿಯಿಲ್ಲದೆ ಅಭ್ಯಾಸ ಮಾಡಿಸಿದೆ. ಓಡಬಾರದು. ಮರಿಯನ್ನು ಹಿಂದಕ್ಕೆ ಸರಿಸಿ ತಾನು ನಡುವೆ ನಿಲ್ಲಬೇಕು. ಕೈ ಚಾಚಿ ದಪ್ಪ ದನಿಯಲ್ಲಿ ಒಂದೇ ಸಲ "ಹೋಗ್" ಅನ್ನಬೇಕು. ಜೇಬಿನಲ್ಲಿ ಬ್ರೆಡ್ಡಿನ ಚೂರಿದ್ದರೆ ಆ ನಾಯಿಯ ಹಿಂದೆ ಬೀಳುವ ಹಾಗೆ ಎಸೆದು, ಅದು ತಿನ್ನುವಷ್ಟರಲ್ಲಿ ಬಳಸು ದಾರಿಯಲ್ಲಿ ಹೊರಟುಬಿಡಬೇಕು. ಕಲ್ಲು ಎತ್ತಿಕೊಳ್ಳುವ ಹಾಗೆ ಬಗ್ಗಿದರೆ ನಮ್ಮೂರ ಯಾವ ಬೀದಿನಾಯಿಯೂ ನಾಲ್ಕು ಹೆಜ್ಜೆ ಹಿಂದೆ ಹೋಗುತ್ತದೆ, ಅಷ್ಟು ಸಾಕು. ನಿಜವಾಗಿ ಕಲ್ಲು ಬೀಸಿದರೆ ಆ ನಾಯಿ ಹಗೆ ಇಟ್ಟುಕೊಳ್ಳುತ್ತದೆ, ನಿಮ್ಮ ಮರಿಯೂ ಬೆದರುತ್ತದೆ. ನಿಲ್ಲಿಸಿದ ಕಾರು, ಆಟೋ, ಹೂವಿನ ಗಿಡದ ಬೇಲಿ ಎಲ್ಲವೂ ಮರೆಯಾಗಿ ಒದಗುತ್ತವೆ. ಎರಡು ನಾಯಿಗಳ ನಡುವಿನ ನೋಟ ಕಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಮರಿಯನ್ನು ಎತ್ತಿಕೊಳ್ಳುವುದು ಎರಡು ಹೆಜ್ಜೆಯಲ್ಲಿ ಗೇಟೋ ಕಾರೋ ಇದ್ದಾಗ ಮಾತ್ರ. ಇಷ್ಟೆಲ್ಲ ಮಾಡಿಯೂ ಹಲ್ಲು ತಗಲಿದರೆ, ಮನುಷ್ಯರ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಮರಿಗೆ ಕಚ್ಚಿದರೆ, ಅದಕ್ಕೆ ಲಸಿಕೆ ಆಗಿದ್ದರೂ ಪಶುವೈದ್ಯರಿಗೆ ತೋರಿಸಬೇಕು.

ಮುದಿ ಲ್ಯಾಬ್ರಡಾರಿನ ಸಹಾಯ

ಲೇಔಟಿನಲ್ಲಿ ಕೆಂಚಿ 15 ಮೀಟರಿನವರೆಗೆ ಒಗ್ಗಿಕೊಂಡ ಮೇಲೆ ಇನ್ನೊಂದು ನಾಯಿಯ ನೆರವು ಬೇಕಾಯಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರ ಬಳಿ ಹತ್ತು ವರ್ಷದ ಲ್ಯಾಬ್ರಡಾರ್ ಇತ್ತು. ಯಾವ ನಾಯಿಯ ಉಸಾಬರಿಗೂ ಹೋಗದ ಪ್ರಾಣಿ. ಅಗಲ ರಸ್ತೆಯ ಆ ಬದಿಯಲ್ಲಿ ಅದು, ಈ ಬದಿಯಲ್ಲಿ ಕೆಂಚಿ, ಒಂದೇ ದಿಕ್ಕಿಗೆ ನಡೆಸಿದೆವು. ಎದುರುಬದುರು ಬರುವುದು ನಾಯಿಗಳ ಲೋಕದಲ್ಲಿ ಒರಟುತನ, ಪಕ್ಕಪಕ್ಕ ನಡೆಯುವುದು ಸ್ನೇಹದ ಲಕ್ಷಣ. ಆಮೇಲೆ ಲ್ಯಾಬ್ ಮುಂದೆ, ಕೆಂಚಿ ಹಿಂದೆ. ಅದು ಮೂತ್ರ ಮಾಡಿದ ಕಂಬವನ್ನು ಕೆಂಚಿ ಹೊಟ್ಟೆ ತುಂಬ ಮೂಸಿತು. ಮೂಸಲು ಬಿಡದೆ ಎಳೆದುಕೊಂಡು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎದುರು ನಿಲ್ಲದೆಯೇ ಇನ್ನೊಂದು ನಾಯಿಯ ಗುರುತು ಹಿಡಿಯಲು ಮರಿಗೆ ಇರುವ ದಾರಿ ಅದು. ಕೊನೆಗೆ ಸಡಿಲ ಹಗ್ಗದಲ್ಲಿ ಬಿಲ್ಲಿನಂತೆ ಬಾಗಿ ಬಂದು ಮೂರು ಸೆಕೆಂಡು ಮೂಸುವುದು, ಕರೆದು ಬೇರೆ ಮಾಡುವುದು. ಅಷ್ಟರಲ್ಲಿ ಕೆಂಚಿ ಮೈ ಜಾಡಿಸಿಕೊಂಡರೆ ಒಳ್ಳೆಯದು, ಬಿಗುವು ಇಳಿದದ್ದರ ಗುರುತು.

ದೀಪಾವಳಿ ಎಲ್ಲವನ್ನೂ ಹಿಂದಕ್ಕೆ ಎಳೆಯಿತು. ಪಟಾಕಿಗೆ ನಡುಗಿ ಎರಡು ದಿನ ಊಟ ಬಿಟ್ಟ ಮರಿಗೆ ಮಾರನೆಯ ದಿನ ಇಲಿ ಓಡಿದರೂ ಹೆದರಿಕೆ. ಒಂದು ಭಯದ ಮೇಲೆ ಇನ್ನೊಂದು ಕೂತರೆ ಮೈಯಲ್ಲಿ ಏರಿದ ಒತ್ತಡದ ಹಾರ್ಮೋನು ಇಳಿಯಲು ಸಮಯ ಬೇಕು. ಹಬ್ಬ ಮುಗಿದು ಊರು ತಣ್ಣಗಾಗುವ ತನಕ ವಾಕಿಂಗ್ ಬಂದ್ ಮಾಡಿ, ಮನೆಯೊಳಗೆ ಪನೀರು ಬಚ್ಚಿಟ್ಟು ಹುಡುಕಿಸುವ ಆಟ ಆಡಿಸಲು ಹೇಳಿದೆ. ಮತ್ತೆ ಶುರು ಮಾಡಿದ್ದು ಮೊದಲಿನ 40 ಮೀಟರಿನಿಂದಲೇ. ಈ ಸಲ ದೂರ ಕಡಿಮೆಯಾಗಲು ಅಷ್ಟು ದಿನ ಹಿಡಿಯಲಿಲ್ಲ.

ಕಾರ್ತಿಕ ಕಳೆದ ಮೇಲೆ ಇನ್ನೊಂದು ತಲೆನೋವು. ಮಳೆಗಾಲದ ಕೊನೆಗೆ ಬೆದೆಗೆ ಬಂದ ಬೀದಿನಾಯಿಗಳು ಮರಿ ಹಾಕುವುದು ಚಳಿಗಾಲದಲ್ಲಿ. ಹಿಂದಿನ ಬೀದಿಯ ಚರಂಡಿ ಪೈಪಿನಲ್ಲಿ ಬಾಣಂತಿ ನಾಯಿ ಇದ್ದುದರಿಂದ ಆ ದಾರಿಯನ್ನು ಪೂರ್ತಿ ಬಿಟ್ಟೆವು. ಬಾಣಂತಿ ನಾಯಿಯ ಜೊತೆ ಚೌಕಾಸಿ ನಡೆಯುವುದಿಲ್ಲ. ಜನವರಿಯಲ್ಲಿ, ಎಂಟು ತಿಂಗಳಿಗೆ, ಕೆಂಚಿಯೇ ಬೆದೆಗೆ ಬಂತು. ಗೇಟಿನ ಮುಂದೆ ಮೂಲೆಯ ಗಂಡುಗಳೆರಡೂ ಪಹರೆ ಕೂತವು. ಮೂರು ವಾರ ಮಹಡಿಯೇ ಗತಿ. ಸಂತಾನಹರಣದ ಆಪರೇಶನ್ನನ್ನು ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಇಟ್ಟುಕೊಂಡಿದ್ದೇವೆ, ಆ ಹೊತ್ತಿಗೆ ಗರ್ಭಕೋಶಕ್ಕೆ ರಕ್ತದ ಹರಿವು ತಗ್ಗಿರುತ್ತದೆ. ಆರರಿಂದ ಹದಿನಾಲ್ಕು ತಿಂಗಳ ನಡುವೆ ಹರೆಯದ ನಾಯಿಗಳಲ್ಲಿ ಹಳೆಯ ಭಯ ಮತ್ತೆ ಚಿಗುರುವುದುಂಟು ಎಂದೂ ಮನೆಯವರಿಗೆ ಮೊದಲೇ ತಿಳಿಸಿದ್ದೇನೆ. ಮಾತ್ರೆಯ ಅಗತ್ಯ ಈ ಪ್ರಕರಣದಲ್ಲಿ ಬೀಳಲಿಲ್ಲ. ಊಟ ನಿದ್ದೆ ಕೆಡುವಷ್ಟು ಭಯವಿರುವ ನಾಯಿಗೆ ನಾನು ಔಷಧಿ ಕೊಡುತ್ತೇನೆ. ಆದರೆ ಮನೆಯಲ್ಲಿರುವ ಮನುಷ್ಯರ ನಿದ್ದೆ ಮಾತ್ರೆಯನ್ನು ಅರ್ಧ ಮುರಿದು ಹಾಕುವುದು ಬೇಡ.

ಯುಗಾದಿಯ ಹೊತ್ತಿಗೆ ಸ್ಥಿತಿ ಹೀಗಿದೆ. ಬೆಲ್ಟು ತೆಗೆದರೆ ಕೆಂಚಿ ಬಾಗಿಲಿಗೆ ಬರುತ್ತದೆ. ಮೂಲೆಯ ಗುಂಪನ್ನು ರಸ್ತೆಯ ಆಚೆ ಬದಿಯಿಂದ ದಾಟುತ್ತದೆ, ನೋಡುತ್ತದೆ, ಹುಡುಗಿಯ ಕಡೆ ತಿರುಗುತ್ತದೆ, ಮುಂದೆ ಹೋಗುತ್ತದೆ. ಕಿವಿ ಕತ್ತರಿಸಿದ ಹಿರಿಯ ನಾಯಿ ಈಗ ತಲೆಯನ್ನೂ ಎತ್ತುವುದಿಲ್ಲ. ಲ್ಯಾಬ್ರಡಾರಿನ ಜೊತೆ ಒಡನಾಟವಿದೆ, ಬೇರೆ ನಾಯಿಗಳ ಜೊತೆ ಆಟವಿಲ್ಲ. "ಎಲ್ಲಾ ನಾಯಿ ಜೊತೆ ದೋಸ್ತಿ ಮಾಡ್ಸೋಕಾಗಲ್ವಾ ಸರ್?" ಎಂದು ಹುಡುಗಿ ಕೇಳಿದಳು. ಮಾಡಿಸುವ ಅಗತ್ಯ ನನಗೆ ಕಾಣುತ್ತಿಲ್ಲ ಎಂದೆ, ಸ್ನೇಹಿತರ ನಾಯಿಗಳಿರುವ ಮೈದಾನಕ್ಕೆ ಒಯ್ಯುವುದನ್ನೂ ಬೇಡವೆಂದೆ. ಹಿಂದಿನಿಂದ ಓಡಿಬರುವ ನಾಯಿಗೆ ಮಾತ್ರ ಕೆಂಚಿ ಇವತ್ತಿಗೂ ಬೆಚ್ಚಿ ಬೊಗಳುತ್ತದೆ. ಅದಕ್ಕಾಗಿ ಲ್ಯಾಬ್ರಡಾರನ್ನು ಹಿಂದೆ 20 ಮೀಟರಿನಲ್ಲಿ ನಡೆಸಿ, ಕೆಂಚಿ ಹೊರಳಿ ನೋಡಿದಾಗಲೆಲ್ಲ ಪನೀರು ಕೊಡುವುದನ್ನು ಈ ವಾರ ಶುರು ಮಾಡಿದ್ದೇವೆ.